ಕೊನೆಯ ರೈಲು ಹೋದ ಮೇಲೂ ಬೆಂಚಿನಲ್ಲಿ ಉಳಿದ ಮಗು: ಮನೆಯಿಲ್ಲದ ಮಕ್ಕಳ ಬಗ್ಗೆ ಊರಿಗೆ ಅರಿವು ಮೂಡಿಸುವುದು ಹೇಗೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಯಂಥ ಸಣ್ಣ ಸ್ಟೇಷನ್‌ಗಳಲ್ಲಿ ರಾತ್ರಿ ರೈಲು ಹೋಗಿ ಜನ ಖಾಲಿಯಾದ ಮೇಲೆ ಒಂದು ಮಗು ಬೆಂಚಿನಲ್ಲಿ ಉಳಿದುಬಿಟ್ಟರೆ ಅದನ್ನು ಮೊದಲು ಕಾಣುವವರು ಯಾರು? ಹೆಚ್ಚಿನ ಸಲ ಪೊಲೀಸರಲ್ಲ, ಅಧಿಕಾರಿಗಳೂ ಅಲ್ಲ. ಎದುರಿನ ತಟ್ಟುಕಡೆಯಲ್ಲಿ (ರಸ್ತೆಬದಿಯ ತಿಂಡಿ ಗಾಡಿಯಲ್ಲಿ) ದೋಸೆ ಹೊಯ್ಯುವವರು, ಕೊನೆಯ ಬಾಡಿಗೆಗೆ ಕಾಯುವ ಆಟೋದವರು, ಪ್ಲಾಟ್‌ಫಾರ್ಮ್ ಗುಡಿಸುವ ಅಕ್ಕ. ಮೊದಲ ಹತ್ತು ನಿಮಿಷ ಏನು ಮಾಡಬೇಕೆಂದು ಇವರಿಗೆ ಗೊತ್ತಿದ್ದರೆ ಆ ಊರಿನಲ್ಲಿ ಅರಿವು ಮೂಡಿದೆ ಎನ್ನಬಹುದು. ಬ್ಯಾನರ್ ಹಿಡಿದು ಜಾಥಾ ಮಾಡಿದ ಊರಿನಲ್ಲೂ ಇವರಿಗೆ ಮಕ್ಕಳ ಸಹಾಯವಾಣಿಯ ನಂಬರ್ 1098 ಗೊತ್ತಿಲ್ಲದಿದ್ದರೆ ಆ ಜಾಥಾದಿಂದ ಬೆಂಚಿನ ಮಗುವಿಗೆ ಏನೂ ಸಿಗಲಿಲ್ಲ.

ವಾಚನಾಲಯ, ಯುವಕ ಮಂಡಲ, ಕುಟುಂಬಶ್ರೀಯ ಅಯಲ್‌ಕೂಟ (ನೆರೆಹೊರೆಯ ಹೆಂಗಸರ ಸ್ವಸಹಾಯ ಗುಂಪು), ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಘಟಕ, ಹೀಗೆ ಆರರಿಂದ ಎಂಟು ಜನರ ಯಾವ ತಂಡವಾದರೂ ಈ ಕೆಲಸ ಮಾಡಬಹುದು. ಇಡೀ ಜಿಲ್ಲೆಗೆ ಕೈ ಹಾಕಬೇಡಿ. ಒಂದು ಸ್ಟೇಷನ್ ಅಥವಾ ಒಂದು ಬಸ್ ಸ್ಟ್ಯಾಂಡ್, ಅದರ ಸುತ್ತ ಒಂದು ಕಿಲೋಮೀಟರ್, ಎಂಟು ವಾರ. ಅಷ್ಟು ಸಾಕು.

ಮೊದಲ ಹಂತ: ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂದು ತಂಡದೊಳಗೆ ಒಮ್ಮತ

‘ಬೀದಿ ಮಕ್ಕಳು’ ಎಂದ ಕೂಡಲೇ ಕೈಚಾಚುವ ಮಗುವಿನ ಚಿತ್ರ ಕಣ್ಣಿಗೆ ಬರುತ್ತದೆ. ನಿಜವಾಗಿ ಇದು ಒಂದೇ ಬಗೆಯ ಗುಂಪಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇವರನ್ನು ಮೂರಾಗಿ ನೋಡುತ್ತದೆ: ಯಾರ ಆಸರೆಯೂ ಇಲ್ಲದೆ ಒಂಟಿಯಾಗಿ ಬೀದಿಯಲ್ಲಿರುವವರು, ಹಗಲೆಲ್ಲ ಬೀದಿಯಲ್ಲಿದ್ದು ರಾತ್ರಿ ಹತ್ತಿರದ ಗುಡಿಸಲಿಗೆ ಮರಳುವವರು, ಅಪ್ಪ ಅಮ್ಮನ ಜೊತೆಗೇ ಬೀದಿಯಲ್ಲಿ ಬದುಕುವವರು. ಮೂವರಿಗೂ ಬೇಕಾದ ಸಹಾಯ ಬೇರೆ ಬೇರೆ. ಒಂಟಿ ಮಗುವಿನ ವಿಷಯದಲ್ಲಿ ಒಂದು ಗಂಟೆ ತಡವಾದರೂ ಅಪಾಯ. ಕುಟುಂಬದ ಜೊತೆಗಿರುವ ಮಗುವಿಗೆ ಬೇಕಾದದ್ದು ಶಾಲೆ, ಅಂಗನವಾಡಿ, ಸೂರು. ಅದನ್ನು ಅಮ್ಮನಿಂದ ಕಿತ್ತು ತಂದು ಹಾಸ್ಟೆಲಿಗೆ ಸೇರಿಸುವುದು ಸಹಾಯವೇ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ದಾರಿ ಎಂದೇ ಹೇಳುತ್ತದೆ.

ನಮ್ಮ ಕಡೆ ಕಣ್ಣಿಗೆ ಬೀಳದೆ ಹೋಗುವ ಗುಂಪು ಇನ್ನೊಂದಿದೆ. ಹೋಟೆಲಿನ ಹಿಂಬದಿಯಲ್ಲಿ ಅಕ್ಕಿ ಮೂಟೆಯ ಪಕ್ಕ ಮಲಗುವ ಹುಡುಗ, ಮೀನುಗಾರಿಕೆ ಬಂದರಿನ ಶೆಡ್ಡಿನಲ್ಲಿ ರಾತ್ರಿ ಕಳೆಯುವವ, ಮನೆಯಲ್ಲಿ ಜಗಳವಾಗಿ ವಾರಕ್ಕೊಬ್ಬ ಗೆಳೆಯನ ಕ್ವಾರ್ಟರ್ಸಿನಲ್ಲಿ ತಂಗುವ ಹದಿನೇಳರ ಹುಡುಗ, ಮಕ್ಕಳ ಮಂದಿರದಿಂದ 18 ತುಂಬಿ ಹೊರಬಂದು ಬಾಡಿಗೆ ಕೋಣೆಗೆ ಮುಂಗಡ ಕೊಡಲಾಗದ ಹುಡುಗಿ, ಮನೆಯವರು ಹೊರಗೆ ಹಾಕಿದ ಟ್ರಾನ್ಸ್‌ಜೆಂಡರ್ ಯುವಜನರು. ಇವರ ತಲೆಯ ಮೇಲೆ ಏನೋ ಒಂದು ಮಾಡು ಇರುತ್ತದೆ, ಹಾಗಾಗಿ ಲೆಕ್ಕಕ್ಕೆ ಸಿಗುವುದಿಲ್ಲ. 2011ರ ಜನಗಣತಿ ಫೆಬ್ರವರಿ 28ರ ಒಂದೇ ರಾತ್ರಿ ರಸ್ತೆಬದಿ, ಮೇಲ್ಸೇತುವೆಯಡಿ, ಪ್ಲಾಟ್‌ಫಾರ್ಮ್, ದೇವಸ್ಥಾನದ ಮಂಟಪಗಳಲ್ಲಿ ಮಲಗಿದವರನ್ನು ಎಣಿಸಿತ್ತು. ದೇಶದಲ್ಲಿ ಸುಮಾರು 17.7 ಲಕ್ಷ ಜನ ಸಿಕ್ಕರು. ಅಂಗಡಿಯ ಶಟರ್ ಒಳಗೆ ಮಲಗಿದ ಹುಡುಗ ಅಂಥ ಎಣಿಕೆಗೆ ಬರುವವನಲ್ಲ.

ಎರಡನೆಯ ಹಂತ: ಊರನ್ನು ಮೂರು ಹೊತ್ತಿನಲ್ಲಿ ನೋಡಿ

ಪೋಸ್ಟರ್ ಬರೆಯುವ ಮೊದಲು ಕಾಲ್ನಡಿಗೆ. ಒಂದು ವಾರದೊಳಗೆ ಮೂರು ಸಲ: ಬೆಳಗಿನ ಐದೂವರೆಗೆ, ಶಾಲೆ ನಡೆಯುವ ಹೊತ್ತಿನ ಹನ್ನೊಂದಕ್ಕೆ, ರಾತ್ರಿ ಹತ್ತಕ್ಕೆ. ಇಬ್ಬಿಬ್ಬರಾಗಿ ಹೋಗಿ, ಜೊತೆಯಲ್ಲಿ ಒಬ್ಬ ಹೆಂಗಸಿರಲಿ. ನೋಡಬೇಕಾದ ಜಾಗಗಳು: ಸ್ಟೇಷನ್ನಿನ ಎರಡೂ ಪ್ಲಾಟ್‌ಫಾರ್ಮಿನ ಕೊನೆ, ಬಸ್ ಸ್ಟ್ಯಾಂಡಿನ ಹಿಂಬದಿ, ಹೆದ್ದಾರಿಯ ಅಂಡರ್‌ಪಾಸ್, ಮೀನು ಮಾರ್ಕೆಟು, ಕೆಂಪುಕಲ್ಲಿನ ಕೋರೆಯ ಪಕ್ಕದ ಶೆಡ್ಡುಗಳು, ಕಟ್ಟಡ ಕೆಲಸ ನಡೆಯುವ ಜಾಗ. ದೇವಸ್ಥಾನದ ಜಾತ್ರೆ, ಉರೂಸ್, ನೇಮದ ದಿನಗಳಲ್ಲಿ ಇನ್ನೊಂದು ಸುತ್ತು ಹಾಕಿ, ಯಾಕೆಂದರೆ ಆಗ ಮಕ್ಕಳನ್ನು ಭಿಕ್ಷೆಗೆ ಕರೆತರುವವರೂ ಬರುತ್ತಾರೆ, ಗದ್ದಲದಲ್ಲಿ ಮಕ್ಕಳು ತಪ್ಪಿಹೋಗುವುದೂ ಉಂಟು.

ಕೈಯಲ್ಲಿ ಕ್ಯಾಮೆರಾ ಬೇಡ, ಫಾರಮ್ಮೂ ಬೇಡ. ಮಕ್ಕಳನ್ನು ಪ್ರಶ್ನೆ ಕೇಳಲಿಕ್ಕೂ ಹೋಗಬೇಡಿ. ಇದು ಸರ್ವೆಯಲ್ಲ. ಮನೆಗೆ ಬಂದು ಒಂದು ಕೈನಕ್ಷೆ ಬರೆಯಿರಿ: ರಾತ್ರಿ ದೀಪ ಉರಿಯುವ ಅಂಗಡಿಗಳು ಯಾವುವು, ಯಾವ ಅಂಗಡಿಯಿಂದ ಯಾವ ಬೆಂಚು ಕಾಣುತ್ತದೆ, ಆಟೋ ಸ್ಟ್ಯಾಂಡಿನಲ್ಲಿ ಹನ್ನೊಂದರ ಮೇಲೂ ಇರುವವರು ಎಷ್ಟು ಜನ. ಈ ನಕ್ಷೆಯಿಂದ ಹದಿನೈದರಿಂದ ಇಪ್ಪತ್ತು ಹೆಸರು ಸಿಗಬೇಕು. ನಿಮ್ಮ ಅಭಿಯಾನ ಮೊದಲು ತಲುಪಬೇಕಾದ್ದು ಇವರನ್ನೇ. ಊರವರೆಲ್ಲ ಆಮೇಲೆ.

ಈ ಸುತ್ತಾಟದಲ್ಲೇ ಒಂಟಿ ಮಗು ಸಿಕ್ಕಿದರೆ ಅಭಿಯಾನ ಅಲ್ಲಿಗೇ ನಿಲ್ಲಲಿ, ಮೊದಲು 1098ಕ್ಕೆ ಫೋನ್ ಮಾಡಿ.

ಮೂರನೆಯ ಹಂತ: ಫೋನಿನ ಆಚೆ ಯಾರಿದ್ದಾರೆ ಎಂದು ತಿಳಿದಿರಲಿ

1098 ಮಕ್ಕಳ ಸಹಾಯವಾಣಿ. ದಿನದ 24 ಗಂಟೆ, ದುಡ್ಡಿಲ್ಲದ ಕರೆ. 1996ರಲ್ಲಿ ಮುಂಬಯಿಯಲ್ಲಿ ಶುರುವಾದದ್ದು. ಈಗ ಸರಕಾರವೇ ನಡೆಸುತ್ತದೆ, 112ರ ತುರ್ತು ಸೇವೆಯ ಜೊತೆ ಜೋಡಿಸಲಾಗಿದೆ. ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ಮಗುವನ್ನು ಎಳೆದೊಯ್ಯುತ್ತಿದ್ದರೆ, ನೇರವಾಗಿ 112. ರೈಲಿನ ಒಳಗೆ ಕಂಡರೆ ರೈಲ್ವೇ ಸಹಾಯವಾಣಿ 139, ಸ್ಟೇಷನ್ನಿನಲ್ಲಾದರೆ ರೈಲ್ವೇ ರಕ್ಷಣಾ ಪಡೆ (ಆರ್‌ಪಿಎಫ್) ಅಥವಾ ಸ್ಟೇಷನ್ ಮಾಸ್ಟರ್.

ಕರೆ ಮಾಡಿದವರು ತಡವರಿಸುವುದು ಜಾಗ ಹೇಳುವಾಗ. ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವವರಿಗೆ ನಮ್ಮೂರಿನ ಹೆಸರು ಗೊತ್ತಿರಬೇಕೆಂದಿಲ್ಲ. ‘ಉಪ್ಪಳ’ ಎಂದರೆ ಸಾಲದು. ‘ಕೇರಳ, ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲೂಕು, ಉಪ್ಪಳ ರೈಲ್ವೇ ಸ್ಟೇಷನ್, ಇಂಥ ಪ್ಲಾಟ್‌ಫಾರ್ಮ್’ ಎಂದು ದೊಡ್ಡದರಿಂದ ಸಣ್ಣದಕ್ಕೆ ಬನ್ನಿ. ತಲಪಾಡಿ ಗಡಿಯ ಕೇರಳದ ಬದಿ, ವರ್ಕಾಡಿ, ಇಂಥ ಜಾಗಗಳಲ್ಲಿ ಫೋನು ಕರ್ನಾಟಕದ ಟವರ್ ಹಿಡಿಯುವುದುಂಟು, ಅಲ್ಲಿ ಮೊದಲ ಮಾತೇ ‘ಕೇರಳ’ ಎಂದಿರಲಿ. ಆಮೇಲೆ ಮಗುವಿನ ಅಂದಾಜು ವಯಸ್ಸು, ಉಟ್ಟ ಬಟ್ಟೆ, ಆಡುವ ಭಾಷೆ, ಗಾಯ ಅಥವಾ ಜ್ವರ ಇದೆಯೇ, ಜೊತೆಗೆ ಯಾರಾದರೂ ಇದ್ದಾರೆಯೇ. ಕರೆ ಮಾಡಿದ ಸಮಯವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅರ್ಧ ಗಂಟೆಯಲ್ಲಿ ಉತ್ತರ ಬಾರದಿದ್ದರೆ ಮತ್ತೆ ಕರೆ ಮಾಡಿ, ಜೊತೆಗೆ ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಬಾಲನ್ಯಾಯ ಕಾಯ್ದೆಯ 107ನೇ ಕಲಂ ಹೇಳುತ್ತದೆ, ಅವರನ್ನೇ ಕೇಳಿ.

ಅಲ್ಲಿಂದ ಮುಂದೆ ಏನಾಗುತ್ತದೆ ಎನ್ನುವುದನ್ನೂ ಜನರಿಗೆ ಹೇಳಬೇಕು, ಇಲ್ಲದಿದ್ದರೆ ‘ಪೊಲೀಸ್ ಕೇಸಾಗುತ್ತದೆ, ನಮಗ್ಯಾಕೆ’ ಎಂದು ಹಿಂಜರಿಯುತ್ತಾರೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿ ಮಗುವಿನ ಹಿನ್ನೆಲೆ ವಿಚಾರಿಸುತ್ತದೆ, ಮನೆಗೆ ಕಳಿಸುವುದು ಕ್ಷೇಮವೇ ಎಂದು ನೋಡಿ ತೀರ್ಮಾನಿಸುತ್ತದೆ. ಕರೆ ಮಾಡಿದವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ. ತಪ್ಪಿಹೋದ ಅಥವಾ ಬಿಟ್ಟುಹೋದ ಮಗು ನಮ್ಮ ಕೈಗೆ ಬಂದೂ 24 ಗಂಟೆಯೊಳಗೆ ತಿಳಿಸದಿದ್ದರೆ ಮಾತ್ರ ಅದು ಅಪರಾಧ: ಆರು ತಿಂಗಳವರೆಗೆ ಸಜೆ, ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದನ್ನು ಹೆದರಿಸಲಿಕ್ಕೆ ಹೇಳಬೇಡಿ. ‘ತಿಳಿಸಿದರೆ ತೊಂದರೆ’ ಎನ್ನುವ ತಪ್ಪು ತಿಳಿವಳಿಕೆ ಬಿಡಿಸಲಿಕ್ಕೆ ಹೇಳಿ.

ಈ ಹಂತದಲ್ಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಪತ್ರ ಕೊಡಿ, ಮುಂದಿನ ಹಂತದ ಸಭೆಗೆ ಅವರಲ್ಲಿ ಒಬ್ಬರು ಬರಲಿ. ಮಲಯಾಳದಲ್ಲಿ ಒಂದು, ಕನ್ನಡದಲ್ಲಿ ಒಂದು ಪ್ರತಿ ಇದ್ದರೆ ಒಳ್ಳೆಯದು.

ನಾಲ್ಕನೆಯ ಹಂತ: ಇಪ್ಪತ್ತು ಜನರಿಗೆ ಮುಕ್ಕಾಲು ಗಂಟೆ

ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೇ ಕೊಡಿ. ಹಾಲ್ ಬೇಡ, ಮೈಕ್ ಬೇಡ, ಉದ್ಘಾಟನೆ ಬೇಡ. ಆಟೋದವರಿಗೆ ಮಧ್ಯಾಹ್ನ ಎರಡೂವರೆಗೆ ಬಾಡಿಗೆ ಕಡಿಮೆ, ತಟ್ಟುಕಡೆಯವರು ಸಂಜೆ ನಾಲ್ಕಕ್ಕೆ ಗಾಡಿ ಹಚ್ಚುವ ಮೊದಲು ಸಿಗುತ್ತಾರೆ. ಅವರ ಹೊತ್ತಿಗೆ ನೀವು ಹೋಗಿ. ಒಂದು ಬಾರಿಗೆ ಏಳೆಂಟು ಜನರಿಗಿಂತ ಹೆಚ್ಚು ಬೇಡ. ಮಾತು ಹದಿನೈದು ನಿಮಿಷ, ಉಳಿದ ಅರ್ಧ ಗಂಟೆ ಆಡಿ ತೋರಿಸುವುದು. ತಂಡದ ಒಬ್ಬರು ಬೆಂಚಿನಲ್ಲಿ ಮಗುವಿನಂತೆ ಕೂರಲಿ, ಬಂದವರಲ್ಲಿ ಒಬ್ಬರು ಹೋಗಿ ಮಾತಾಡಿಸಲಿ.

ಎಲ್ಲರೂ ಮೊದಲ ಸಲ ಮಾಡುವುದು ಒಂದೇ: ಎದುರು ನಿಂತು, ಸೊಂಟಕ್ಕೆ ಕೈಯಿಟ್ಟು, ‘ಎಲ್ಲಿಂದ ಓಡಿ ಬಂದದ್ದು?’ ಎಂದು ಕೇಳುತ್ತಾರೆ. ನಿಜವಾದ ಮಗು ಆ ಕ್ಷಣಕ್ಕೆ ಎದ್ದು ಓಡುತ್ತದೆ, ರೈಲುಹಳಿಯ ಕಡೆಗೂ ಓಡಬಹುದು. ತಿದ್ದಿ ತೋರಿಸಿ. ಅದೇ ಬೆಂಚಿನಲ್ಲಿ ಒಂದು ಮೊಳ ಬಿಟ್ಟು ಕೂರಬೇಕು. ಕೈ ಹಿಡಿಯಬಾರದು. ಮೊದಲ ಮಾತು ಹಸಿವಿನದು: ‘ಮಗಾ, ಊಟ ಆಯ್ತಾ?’ ತುಳುವಿನಲ್ಲಿ ‘ವನಸ್ ಆಂಡಾ?’, ಮಲಯಾಳದಲ್ಲಿ ‘ಭಕ್ಷಣಂ ಕಳಿಚ್ಚೋ?’, ಹಿಂದಿಯಲ್ಲಿ ‘ಖಾನಾ ಖಾಯಾ?’ ಯಾವುದಕ್ಕೆ ಮಗು ತಲೆ ಎತ್ತುತ್ತದೋ ಅದೇ ಅದರ ಭಾಷೆ. ಒಂದು ಗ್ಲಾಸ್ ಚಾಯ, ಒಂದು ಬನ್ನು ಅದರ ಪಕ್ಕ ಇಟ್ಟು ಅದು ತಿನ್ನುವವರೆಗೆ ಸುಮ್ಮನಿರಿ. ತಿಂದಾದ ಮೇಲೆ, ‘ನಾನು ಇಲ್ಲೇ ಅಂಗಡಿಯವ. ಮಕ್ಕಳಿಗೆ ಸಹಾಯ ಮಾಡುವವರು ಇದ್ದಾರೆ, ಅವರಿಗೆ ಫೋನ್ ಮಾಡ್ತೇನೆ. ಅವರು ಬರುವವರೆಗೆ ನಾನು ನಿನ್ನ ಜೊತೆ ಇರ್ತೇನೆ’ ಎನ್ನಿ. ಕದ್ದು ಫೋನ್ ಮಾಡಬೇಡಿ, ಅದರ ಎದುರೇ ಮಾಡಿ.

ಮೂರು ಮಾತು ಬಾಯಿಗೆ ಬರಬಾರದು. ‘ನಿನ್ನನ್ನು ಮನೆಗೆ ಕಳಿಸ್ತೇನೆ’ ಎನ್ನಬಾರದು. ಆ ಮನೆಯ ಪೆಟ್ಟಿಗೇ ಅದು ಹೊರಟು ಬಂದಿರಬಹುದು. ‘ಪೊಲೀಸಿಗೆ ಕೊಡ್ತೇನೆ’ ಎನ್ನಬಾರದು. ‘ಸುಳ್ಳು ಹೇಳ್ಬೇಡ’ ಎನ್ನಬಾರದು. ಹೆದರಿದ ಮಗು ಹೆಸರು, ಊರು ಬದಲಿಸಿ ಹೇಳುತ್ತದೆ, ಅದನ್ನು ಬಿಡಿಸಿ ಕೇಳುವುದಕ್ಕೆ ತರಬೇತಾದವರಿದ್ದಾರೆ. ಹಾಗೆಯೇ ಮಗುವಿನ ಕಿಸೆಯಲ್ಲಿ ಸಿಕ್ಕಿದ ನಂಬರಿಗೆ ಫೋನ್ ಮಾಡಿ ‘ಬಂದು ಕರ್ಕೊಂಡು ಹೋಗಿ’ ಎನ್ನಬಾರದು. ಬರುವವರು ಯಾರು ಎಂದು ನಮಗೆ ಗೊತ್ತಿಲ್ಲ. ಆ ನಂಬರನ್ನು ಸಹಾಯವಾಣಿಯವರಿಗೆ ಕೊಡಿ.

ಇಲ್ಲಿ ಕನ್ನಡಿಗರಿಂದ ಮಾತ್ರ ಆಗಬಹುದಾದ ಒಂದು ಕೆಲಸವಿದೆ. ಮಂಗಳೂರಿನ ಕಡೆಯಿಂದ ರೈಲು ಹತ್ತಿ ಬಂದ ಮಗುವಿಗೆ, ಉತ್ತರ ಕರ್ನಾಟಕದಿಂದ ಕೂಲಿಗೆ ಬಂದ ಕುಟುಂಬದ ಮಗುವಿಗೆ ಮಲಯಾಳ ಬಾರದು. ಕಚೇರಿಯಲ್ಲಿ ಕೇಳಿದ್ದಕ್ಕೆ ಅದು ಸುಮ್ಮನಿದ್ದರೆ ‘ಮಾತಾಡುವುದಿಲ್ಲ’ ಎಂದು ಬರೆದುಬಿಡುವ ಅಪಾಯವಿದೆ. ಬಾಲನ್ಯಾಯ ನಿಯಮಗಳಲ್ಲಿ ದುಭಾಷಿಗಳಿಗೆ ಅವಕಾಶವಿದೆ. ಎರಡೂ ಭಾಷೆ ಚೆನ್ನಾಗಿ ಬಲ್ಲ ಮೂರ್ನಾಲ್ಕು ಜನರ ಹೆಸರನ್ನು ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟಿಡಿ. ನಿವೃತ್ತ ಟೀಚರುಗಳಿದ್ದರೆ ಇನ್ನೂ ಒಳ್ಳೆಯದು.

ಐದನೆಯ ಹಂತ: ಪೋಸ್ಟರ್, ಸ್ಟಿಕ್ಕರ್

ಒಂದು ಕಿಲೋಮೀಟರಿಗೆ ಎ3 ಅಳತೆಯ 40 ಪೋಸ್ಟರ್, ಆಟೋದ ಡ್ರೈವರ್ ಸೀಟಿನ ಹಿಂಬದಿಗೆ ಅಂಗೈಯಗಲದ 100 ಸ್ಟಿಕ್ಕರ್ ಸಾಕು. ಪೋಸ್ಟರಿನಲ್ಲಿ ಕನ್ನಡ, ಮಲಯಾಳ ಎರಡೂ ಒಂದೇ ಹಾಳೆಯಲ್ಲಿರಲಿ. ಸಂಖ್ಯೆ ಹತ್ತಡಿ ದೂರದಿಂದ ಓದುವಷ್ಟು ದೊಡ್ಡದಿರಲಿ. ಬರಹ ಇಷ್ಟೇ:

ಒಂಟಿ ಮಗು ಕಂಡಿರಾ? ಹತ್ತಿರ ಕೂತು ಮಾತಾಡಿ. 1098ಕ್ಕೆ ಕರೆ ಮಾಡಿ. ಯಾರಾದರೂ ಬರುವವರೆಗೆ ಜೊತೆಗಿರಿ. ಫೋಟೋ ತೆಗೆಯಬೇಡಿ.

ಅಳುವ ಮಗುವಿನ ಚಿತ್ರ, ಹರಕು ಬಟ್ಟೆಯ ಚಿತ್ರ ಹಾಕಬೇಡಿ. ಅಂಥ ಚಿತ್ರ ನೋಡಿದವರು ಅಯ್ಯೋ ಎನ್ನುತ್ತಾರೆ, ಆದರೆ ಚೊಕ್ಕ ಬಟ್ಟೆ ಹಾಕಿ ಶಾಲೆಯ ಚೀಲದ ಜೊತೆ ಕೂತ ಮಗುವಿಗೂ ಸಹಾಯ ಬೇಕಿರಬಹುದೆಂದು ಅವರಿಗೆ ಹೊಳೆಯುವುದಿಲ್ಲ. ಮನೆ ಬಿಟ್ಟ ಮೊದಲ ದಿನ ಮಗು ಇರುವುದು ಹಾಗೆಯೇ. ಬೆಂಚು, ಚೀಲ, ಚಪ್ಪಲಿಯ ರೇಖಾಚಿತ್ರ ಸಾಕು.

ಹೊರಗೋಡೆಗೆ ಅಂಟಿಸಿದ ಕಾಗದ ನಮ್ಮ ಜೂನ್ ಮಳೆಗೆ ಎರಡು ದಿನ ತಾಳುವುದಿಲ್ಲ. ಅಂಗಡಿಯ ಒಳಗೆ ಗಲ್ಲಾಪೆಟ್ಟಿಗೆಯ ಪಕ್ಕ, ಲ್ಯಾಮಿನೇಟ್ ಮಾಡಿ ಅಂಟಿಸಿ. ಸ್ಟೇಷನ್ ಆವರಣದಲ್ಲಿ ಹಾಕುವ ಮೊದಲು ಸ್ಟೇಷನ್ ಮಾಸ್ಟರರ ಒಪ್ಪಿಗೆ ಬೇಕು.

ಆರನೆಯ ಹಂತ: ಮನೆಮನೆಗೆ

ಇದಕ್ಕೆ ಹೊಸ ವ್ಯವಸ್ಥೆ ಕಟ್ಟಬೇಕಿಲ್ಲ. ಪಂಚಾಯತಿನ ಹರಿತ ಕರ್ಮಸೇನೆಯ ಅಕ್ಕಂದಿರು ಪ್ಲಾಸ್ಟಿಕ್ ಸಂಗ್ರಹಕ್ಕೆಂದು ಪ್ರತಿ ಮನೆಗೆ ಹೋಗುತ್ತಾರೆ. ಬಾಡಿಗೆ ಕ್ವಾರ್ಟರ್ಸಿಗೆ ಹೊಸಬರು ಬಂದದ್ದು, ಶಾಲೆಯ ಹೊತ್ತಿನಲ್ಲಿ ಮಗು ಮನೆಗೆಲಸ ಮಾಡುತ್ತಿರುವುದು ಮೊದಲು ಕಾಣುವುದು ಅವರಿಗೆ ಮತ್ತು ಆಶಾ ಕಾರ್ಯಕರ್ತೆಯರಿಗೆ. ಅವರ ಮಾಸಿಕ ಸಭೆಯಲ್ಲಿ ಇಪ್ಪತ್ತು ನಿಮಿಷ ಕೇಳಿಕೊಳ್ಳಿ. ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಎತ್ತಿ: ನಮ್ಮ ವಾರ್ಡಿನ ಮಕ್ಕಳ ರಕ್ಷಣಾ ಸಮಿತಿ ಕೊನೆಗೆ ಸೇರಿದ್ದು ಯಾವಾಗ? ಉತ್ತರ ಮಿನಿಟ್ಸಿನಲ್ಲಿ ದಾಖಲಾಗಲಿ.

ಶೆಡ್ಡುಗಳಲ್ಲಿರುವ ಕುಟುಂಬಗಳ ಮಕ್ಕಳಿಗೆ ಶಾಲೆ ಬೇಕು. ದಾಖಲೆ ಇಲ್ಲ, ಟಿ.ಸಿ. ಇಲ್ಲ ಎಂದು ಹೆತ್ತವರು ಹೋಗುವುದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು 6ರಿಂದ 14 ವರ್ಷದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ, ಟಿ.ಸಿ. ತಡವಾದದ್ದೂ ಅಡ್ಡಿಯಲ್ಲ. ಹತ್ತಿರದ ಕನ್ನಡ ಮಾಧ್ಯಮ ಶಾಲೆಯ ಹೆಡ್‌ಮಾಸ್ಟರರಲ್ಲಿ ಮೊದಲೇ ಮಾತಾಡಿ, ಒಬ್ಬರು ಜೊತೆಗೆ ಹೋಗಿ. ಚೀಟಿ ಕೊಟ್ಟು ಕಳಿಸಿದರೆ ಅವರು ಗೇಟಿನಿಂದಲೇ ಮರಳುತ್ತಾರೆ. ಬಡತನದಿಂದ ಮಗುವನ್ನು ಬಿಡುವ ಹಂತಕ್ಕೆ ಬಂದ ಕುಟುಂಬಕ್ಕೆ ಕೇಂದ್ರ ಸರಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4000 ರೂಪಾಯಿಯ ಪ್ರಾಯೋಜಕತ್ವ ಇದೆ. ಅರ್ಹತೆ ನೋಡಿ ಕೊಡುತ್ತಾರೆ, ವಿಚಾರಿಸಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

ಎಲ್ಲಿ ಎಡವುತ್ತೇವೆ

ವಾಟ್ಸಾಪ್. ‘ಈ ಮಗು ಸಿಕ್ಕಿದೆ, ಹೆತ್ತವರಿಗೆ ತಲುಪುವವರೆಗೆ ಶೇರ್ ಮಾಡಿ’ ಎಂಬ ಸಂದೇಶ ಒಳ್ಳೆಯ ಮನಸ್ಸಿನಿಂದಲೇ ಹೊರಡುತ್ತದೆ. ಆದರೆ ಮಗುವನ್ನು ಹುಡುಕುತ್ತಿರುವ ಕೆಟ್ಟವರಿಗೂ ಅದು ತಲುಪುತ್ತದೆ, ಹತ್ತು ವರ್ಷದ ಮೇಲೂ ಯಾರದೋ ಫೋನಿನಲ್ಲಿ ಉಳಿಯುತ್ತದೆ. ಇಂಥ ಮಕ್ಕಳ ಗುರುತು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ: ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ಕಾರ್ಯಕ್ರಮದ ವರದಿಗೂ ಮಕ್ಕಳ ಫೋಟೋ ಬೇಡ.

ಇನ್ನೂ ದೊಡ್ಡ ಅಪಾಯ ‘ಮಕ್ಕಳ ಕಳ್ಳರು’ ಎಂಬ ಪುಕಾರು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟವರ ಮೇಲೆ ಇಂಥ ಪುಕಾರು ಹಬ್ಬಿ, ಗುಂಪಿನ ಹಲ್ಲೆಗೆ ಒಬ್ಬ ಯುವಕ ಬಲಿಯಾದ. ಹಾಗಾಗಿ ನಿಮ್ಮ ಮಾತಿನಲ್ಲಿ, ಪೋಸ್ಟರಿನಲ್ಲಿ ‘ಹೊರಗಿನವರ ಬಗ್ಗೆ ಎಚ್ಚರ’ ಎಂಬ ಧಾಟಿ ಸುಳಿಯಲೂಬಾರದು. ಅನ್ಯರಾಜ್ಯದ ಕಾರ್ಮಿಕರ ಕಡೆ ಬೆರಳು ತೋರಿಸಿದ ಅಭಿಯಾನ ಅವರ ಮಕ್ಕಳನ್ನು ಇನ್ನಷ್ಟು ಅಡಗಿಸುತ್ತದೆ.

‘ನಾವೇ ಸಾಕುತ್ತೇವೆ’ ಎಂದು ಮುಂದೆ ಬರುವವರೂ ಇದ್ದಾರೆ. ಮಕ್ಕಳಿಲ್ಲದ ದಂಪತಿಯ ಆಸೆ ದೊಡ್ಡದೇ, ಆದರೆ ಕಾನೂನಿನ ದಾರಿ ಬಿಟ್ಟು ದತ್ತು ಪಡೆಯುವುದು ಶಿಕ್ಷೆಗೆ ಒಳಗಾಗುವ ಅಪರಾಧ. ಒಂದು ರಾತ್ರಿಗೆಂದು ಮನೆಗೆ ಕರೆದೊಯ್ಯುವುದೂ ಬೇಡ. ಮಗುವನ್ನು ನೋಂದಣಿಯಿಲ್ಲದ ‘ಆಶ್ರಮ’ಕ್ಕೆ ಬಿಟ್ಟು ಬರುವುದೂ ಅಷ್ಟೇ ತಪ್ಪು.

ಹದಿನೆಂಟು ದಾಟಿದವರು ಬಂದರೆ

1098 ಮಕ್ಕಳಿಗೆ. ಹತ್ತೊಂಬತ್ತರ ಹುಡುಗ ಬಂದು ‘ಇವತ್ತು ಮಲಗಲಿಕ್ಕೆ ಜಾಗ ಇಲ್ಲ ಅಣ್ಣಾ’ ಎಂದರೆ ಏನು ಹೇಳಬೇಕೆಂದು ತಂಡ ಮೊದಲೇ ಯೋಚಿಸಿರಬೇಕು. ಮಕ್ಕಳ ಮಂದಿರದಲ್ಲಿ ಬೆಳೆದವನಾದರೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಅನುಪಾಲನೆಯ (ಮಂದಿರ ಬಿಟ್ಟ ಮೇಲಿನ ಆಸರೆಯ) ನೆರವು ಕೇಳಬಹುದು. ಬಿಟ್ಟುಬಂದ ಮಂದಿರದ ಹೆಸರು ಗೊತ್ತಿದ್ದರೆ ಸಾಕು, ಕಡತ ಹುಡುಕಬಹುದು. ಹುಡುಗಿಯಾದರೆ ಮಹಿಳಾ ಸಹಾಯವಾಣಿ 181. ಮನಸ್ಸು ತೀರಾ ಕುಸಿದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಅಥವಾ ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056. ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಯಾರನ್ನೂ ಹೆತ್ತವರ ಮನೆಯಿಂದ ಹೊರಹಾಕುವಂತಿಲ್ಲ ಎಂದು 2019ರ ಕಾಯ್ದೆ ಹೇಳುತ್ತದೆ, ಇದನ್ನು ಹೆತ್ತವರಿಗೂ ಹೇಳಬೇಕು. ಬೆಳಗಿನ ಚಾಯ, ಫೋನ್ ಚಾರ್ಜ್ ಮಾಡಲಿಕ್ಕೆ ಒಂದು ಪ್ಲಗ್, ಪತ್ರ ಬರುವುದಕ್ಕೆ ವಾಚನಾಲಯದ ವಿಳಾಸ: ಕೆಲಸ ಹುಡುಕುವ ಹುಡುಗನಿಗೆ ಇವು ಸಣ್ಣ ಸಹಾಯಗಳಲ್ಲ.

ಎಂಟು ವಾರದ ಕೊನೆಗೆ

ಎಷ್ಟು ಜನ ಸಭೆಗೆ ಬಂದರೆಂದು ಎಣಿಸಬೇಡಿ. ರಾತ್ರಿ ಹತ್ತಕ್ಕೆ ಮತ್ತೆ ಅದೇ ದಾರಿಯಲ್ಲಿ ನಡೆಯಿರಿ, ನಕ್ಷೆಯಲ್ಲಿದ್ದ ಇಪ್ಪತ್ತು ಜನರಲ್ಲಿ ಹತ್ತು ಮಂದಿಯನ್ನು ಕೇಳಿ: ‘ಈಗ ಆ ಬೆಂಚಿನಲ್ಲಿ ಒಂದು ಮಗು ಕೂತಿದ್ದರೆ ಏನು ಮಾಡ್ತೀರಿ?’ ಏಳು ಜನ ಗೋಡೆ ನೋಡದೆ ನಂಬರ್ ಹೇಳಿ, ಜೊತೆಗಿರುತ್ತೇವೆ ಎಂದರೆ ಕೆಲಸ ಫಲಿಸಿದೆ ಎಂದರ್ಥ. ಕಡಿಮೆಯಾದರೆ ನಾಲ್ಕನೆಯ ಹಂತವನ್ನು ಮತ್ತೆ ಮಾಡಿ. ತಟ್ಟುಕಡೆಗಳು ಕೈ ಬದಲಾಗುತ್ತವೆ, ಆಟೋ ಸ್ಟ್ಯಾಂಡಿಗೆ ಹೊಸಬರು ಬರುತ್ತಾರೆ, ಆರು ತಿಂಗಳಿಗೊಮ್ಮೆ ಹೆಸರಿನ ಪಟ್ಟಿ ತಿದ್ದಲೇಬೇಕು. ಒಂದು ತಿದ್ದುಪಡಿಯನ್ನು ಮೇ ಕೊನೆಯ ವಾರಕ್ಕೆ ಇಟ್ಟುಕೊಳ್ಳಿ. ಮಳೆ ಶುರುವಾದರೆ ಪ್ಲಾಟ್‌ಫಾರ್ಮಿನ ಮಾಡಿನಡಿ ಬಂದು ಕೂರುವವರು ಹೆಚ್ಚು, ಶಾಲೆಗಳು ತೆರೆಯುವುದೂ ಆಗಲೇ.